ತೊಳೆದ ತಿಪ್ಪೆ

ಬಸವನ ಬಾಗೇವಾಡಿಯ ಕಿರಾಣಿ ಅಂಗಡಿ ಶ್ರೀಶೈಲಪ್ಪನ ಹೆಂಡತಿ ಕಸ್ತೂರೆವ್ವನಿಗೆ ಊರಲ್ಲಿ ವೈರಿಗಳೆಂದು ಯಾರೂ ಇರಲಿಲ್ಲ. ಆಕೆಯ ವೈರವೆಲ್ಲ ಕಸದ ಮೇಲೆ. ಬೆಳಕು ಹರಿಯುವ ಮೊದಲೇ ಎದ್ದು ಪಡಸಾಲೆ ಗುಡಿಸುವಳು, ಅಂಗಳ ಗುಡಿಸುವಳು, ಕೊನೆಗೆ ಹಿತ್ತಲಿಗೆ ಬಂದು ಬೇವಿನ ಮರದಿಂದ ಉದುರಿದ ಎಲೆಗಳನ್ನು ಒಂದೂ ಬಿಡದಂತೆ ಬಳಿದು ತೆಗೆಯುವಳು. ಒಲೆಗೆ ಹಾಕುವ ಕಟ್ಟಿಗೆಯನ್ನೂ ತೊಳೆದು ಬಿಸಿಲಿಗಿಡುತ್ತಿದ್ದಳು. ಅದು ಸರಿಯಾಗಿ ಒಣಗದೆ ಮನೆತುಂಬ ಹೊಗೆಯಾದರೆ ಕಟ್ಟಿಗೆ ಮಾರಿದವನನ್ನು ಬೈಯುತ್ತಿದ್ದಳು. ಶ್ರೀಶೈಲಪ್ಪ ಅಂಗಡಿಯಿಂದ ಬಂದು ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೆಜ್ಜೆಯಿಟ್ಟರೆ ಆಕೆ ಅವನ ಹಿಮ್ಮಡಿ ನೋಡುತ್ತಿದ್ದಳು. ಅವನು ತಿರುಗಿ ಹೋಗಿ ಇನ್ನೊಮ್ಮೆ ತೊಳೆದುಕೊಂಡು ಬರುತ್ತಿದ್ದ.

ಗುಡಿಸಿದ ಕಸ, ಒಲೆಯ ಬೂದಿ, ಕಾಯಿಪಲ್ಲೆಯ ಸಿಪ್ಪೆ, ಶೇಂಗಾದ ಹೊಟ್ಟು ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿ ಹಿತ್ತಲ ಗೋಡೆಯ ಆಚೆ ಚೆಲ್ಲುವುದು ಆಕೆಯ ಪದ್ಧತಿ. ಆಚೆ ಇದ್ದದ್ದು ಟಾಂಗಾ ಹೊಡೆಯುವ ಕಾಸಿಂಸಾಬನ ಮನೆ. ಮದುವೆಯಾಗಿ ಬಂದಾಗಿನಿಂದ ಚೆಲ್ಲುತ್ತಲೇ ಇದ್ದಳು. ಕಾಸಿಂಸಾಬನ ಹೆಂಡತಿ ಪೀರಬಿ ಒಂದು ದಿನವೂ ತಕರಾರು ತೆಗೆದಿರಲಿಲ್ಲ. ಪಾಪ, ಆ ಮಂದಿಗೆ ಕಸದ ರೂಢಿ ಇರಬೇಕು ಎಂದು ಕಸ್ತೂರೆವ್ವ ತನ್ನಷ್ಟಕ್ಕೆ ತೀರ್ಮಾನಿಸಿ, ಆಕೆಯ ಮೇಲೆ ಒಂದಿಷ್ಟು ಮರುಕವನ್ನೂ ಇಟ್ಟುಕೊಂಡಿದ್ದಳು.

ಎಪ್ಪತ್ತೈದನೆಯ ಇಸವಿಯ ಸುಮಾರಿಗೆ ಕಸ್ತೂರೆವ್ವ ಒಂದು ಹೆಸರಿಡುವ ಕಾರ್ಯಕ್ಕೆ ಇಂಡಿಗೆ ಹೋಗಿ ಬಂದಳು. ಅಲ್ಲಿ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಎಲ್ಲರ ಮುಂದೆ ಹಿತ್ತಲಿಗೆ ಕರೆದುಕೊಂಡು ಹೋಗಿ, ಮನೆಯದೇ ಗಿಡದ ನಿಂಬೆಹಣ್ಣು ಹರಿದು ಉಡಿಗೆ ಹಾಕಿ, "ನಿಮ್ಮ ಹಿತ್ತಲದಾಗ ಏನ್ ಹಚ್ಚೀರಿ ಅಕ್ಕಾ?" ಎಂದು ಕೇಳಿದ್ದಳು. ಕೇಳಿದ್ದು ಪ್ರೀತಿಯಿಂದಲೇ. ಆದರೆ ಬಸ್ಸಿನಲ್ಲಿ ಬರುವಾಗ ಆ ನಿಂಬೆಹಣ್ಣುಗಳು ದಾರಿಯುದ್ದಕ್ಕೂ ಮಡಿಲಲ್ಲಿ ಚುಚ್ಚಿದವು.

ಮರುವಾರವೇ ಬದನೆ, ಮೆಣಸಿನ ಸಸಿ ತರಿಸಿ ನೆಟ್ಟಳು. ಹಿತ್ತಲ ನೆಲ ಸಿಮೆಂಟಿನಷ್ಟು ಗಟ್ಟಿ; ಹಾರೆ ಹಾಕಿದರೆ ಟಣ್ ಎನ್ನುತ್ತಿತ್ತು. ಸಸಿಗಳು ಹದಿನೈದು ದಿನವಾದರೂ ನೆಟ್ಟಾಗ ಇದ್ದಷ್ಟೇ ಇದ್ದವು. ಗಂಡನ ಅಂಗಡಿಯ ಮಗ್ಗುಲಿನ ಬಾಬುಲಾಲ ಸರಕಾರಿ ಗೊಬ್ಬರ, ಅಂದರೆ ಯೂರಿಯಾ, ಮಾರುತ್ತಿದ್ದ. ಅವನಿಂದ ಒಂದು ಚೀಲದ ತಳದಷ್ಟು ತರಿಸಿದಳು. ಬಿಚ್ಚಿ ನೋಡಿದರೆ ಬೆಳ್ಳಗೆ, ಸಕ್ಕರೆಯ ಹಾಗೆ. ನಾತವಿಲ್ಲ, ಕೈಗೆ ಮೆತ್ತುವುದಿಲ್ಲ. ಗೊಬ್ಬರವೆಂದರೆ ಹೀಗಿರಬೇಕು ಎಂದು ಆಕೆಗೆ ಬಹಳ ಸಮಾಧಾನವಾಯಿತು. ಬಾಬುಲಾಲ ಚಿಟಿಕೆಯಷ್ಟು ಎಂದು ಹೇಳಿ ಕಳಿಸಿದ್ದ. ಇಷ್ಟು ಚಂದದ್ದನ್ನು ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಹೇಗೆ ಎಂದು ಆಕೆ ಸಸಿಗೊಂದು ಮುಷ್ಟಿ ಹಾಕಿದಳು.

ಸಸಿಗಳು ಸುಟ್ಟುಹೋದವು.

"ಈ ಮಣ್ಣಾಗ ಏನೋ ಐತ್ರಿ," ಎಂದು ಆಕೆ ಗಂಡನಿಗೆ ಹೇಳಿದಳು. ನಿಜ ಹೇಳಬೇಕೆಂದರೆ ಆ ಮಣ್ಣಿನಲ್ಲಿ ಏನೂ ಇರಲಿಲ್ಲ. ಇರಬೇಕಾದದ್ದನ್ನೆಲ್ಲ ಆಕೆಯೇ ಇಷ್ಟು ವರ್ಷ ಬಳಿದು ಗೋಡೆಯಾಚೆ ಹಾಕಿದ್ದಳು.

ಬೆಳೆಯಲಿಲ್ಲವೆಂದು ತಿನ್ನುವುದು ಬಿಡಲಾಗುತ್ತದೆಯೆ? ಸಂತೆಗೆ ಹೋದಾಗ ಆಕೆ ಬದನೆಕಾಯಿ ತೆಗೆದುಕೊಳ್ಳುತ್ತಿದ್ದದ್ದು ಶಂಕ್ರೆವ್ವ ಎಂಬ ಕಾಯಿಪಲ್ಲೆಯವಳ ಹತ್ತಿರ ಮಾತ್ರ. ಎಳೆಯವು, ಮಿರಿಮಿರಿ ಮಿಂಚುವಂಥವು, ತುಂಬಿ ಎಣ್ಣೆಗಾಯಿ ಮಾಡಿದರೆ ಶ್ರೀಶೈಲಪ್ಪ ಇನ್ನೊಂದು ರೊಟ್ಟಿ ಕೇಳುತ್ತಿದ್ದ. ಒಂದು ದಿನ ಕಾಯಿ ಆರಿಸುತ್ತ ಕಸ್ತೂರೆವ್ವ ಕೇಳಿದಳು, "ಇವು ಯಾವೂರಿನ್ವು? ತಂಗಡಗಿ ಹೊಳೀದಂಡಿವೇನು?"

"ಎಲ್ಲೀ ತಂಗಡಗಿ ಬಿಡ್ರಿ," ಎಂದಳು ಶಂಕ್ರೆವ್ವ. "ನಿಮ್ಮ ಗ್ವಾಡಿ ಹಿಂದಿನ್ವು. ಪೀರಬಿ ಹಿತ್ತಲದಾಗಿನ್ವು. ನಿಮಗ ಗೊತ್ತಿಲ್ಲೇನು?"

ಕಸ್ತೂರೆವ್ವ ಆರಿಸಿದ ಕಾಯಿಗಳನ್ನು ಬುಟ್ಟಿಗೆ ಮರಳಿ ಹಾಕಿದಳು. ಸ್ವಲ್ಪ ದೂರ ಹೋಗಿ, ತಿರುಗಿ ಬಂದು, ಅವನ್ನೇ ತೆಗೆದುಕೊಂಡಳು.

ಮನೆಗೆ ಬಂದವಳೇ ಮಾಳಿಗೆ ಹತ್ತಿ, ಈವರೆಗೆ ನೋಡುವ ಗರಜೇ ಬೀಳದಿದ್ದ ಕಡೆ ನೋಡಿದಳು. ಗೋಡೆಯಾಚೆ ಸಾಲುಸಾಲಾಗಿ ಬದನೆ, ಮೆಣಸು, ಪುಂಡಿಪಲ್ಲೆ, ಚಪ್ಪರಕ್ಕೆ ಹಬ್ಬಿದ ಹೀರೆ, ಮೂಲೆಗೆ ಮೈತುಂಬ ಮೊಗ್ಗು ಬಿಟ್ಟ ಮಲ್ಲಿಗೆ. ಗೋಡೆಯ ಬುಡದಲ್ಲೊಂದು ಗುಂಡಿ. ಅದರಲ್ಲಿ ಕುದುರೆ ಲದ್ದಿಯ ನಡುನಡುವೆ ತನ್ನದೇ ಬೂದಿ, ತನ್ನದೇ ಶೇಂಗಾಹೊಟ್ಟು, ನಿನ್ನೆ ತಾನೇ ಚೆಲ್ಲಿದ ಸವತೆಯ ಸಿಪ್ಪೆ. ಪೀರಬಿ ಗುಂಡಿಯ ಆಚೆ ಬದಿಯಿಂದ ಕರ್ರಗಿನ ಪುಡಿಮಣ್ಣನ್ನು ಬುಟ್ಟಿಗೆ ತುಂಬುತ್ತಿದ್ದಳು. ಕಸ್ತೂರೆವ್ವನಿಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮರುದಿನದಿಂದ ಬುಟ್ಟಿ ಗೋಡೆ ದಾಟುವುದು ನಿಂತಿತು. ಸೋಮನಿಂಗನೆಂಬ ಕೂಲಿಯವನನ್ನು ಕರೆಸಿ ಬೇವಿನ ಮರದ ಕೆಳಗೆ ತಾನೂ ಒಂದು ಗುಂಡಿ ತೋಡಿಸಿದಳು. ಆದರೆ ತಿಪ್ಪೆಯನ್ನು ತಿಪ್ಪೆಯಂತೆ ಇಡುವುದು ಆಕೆಯ ಜಾಯಮಾನವಲ್ಲ. ತಳಕ್ಕೆ ಹಾಸುಗಲ್ಲು ಹಾಕಿಸಿದಳು. ಸಿಪ್ಪೆಗಳನ್ನು ತೊಳೆದು, ನೀರು ಬಸಿದು, ಆಮೇಲೆ ಗುಂಡಿಗೆ ಹಾಕಿದಳು. ಸಗಣಿ ಹಾಕಬೇಕೆಂದು ಸೋಮನಿಂಗ ಹೇಳಿದ್ದಕ್ಕೆ, ಮನೆಮುಂದೆ ಸಾರಿಸುವಾಗಿನ ಹಾಗೆ ನೀರಲ್ಲಿ ಕಲಸಿ ತೆಳ್ಳಗೆ ಚಿಮುಕಿಸಿದಳು. ಹೊತ್ತು ಮುಳುಗುವಾಗ ಮೇಲೊಂದಿಷ್ಟು ಫಿನಾಯಿಲ್. ವಾರಕ್ಕೊಮ್ಮೆ ಡಿಡಿಟಿ ಪುಡಿ. ಮನೆಗೆ ಬಂದವರನ್ನು ಕರೆದೊಯ್ದು, "ನೊಣ ಐತೇನು ನೋಡ್ರಿ," ಎಂದು ತೋರಿಸುತ್ತಿದ್ದಳು. ನೊಣ ಇರಲಿಲ್ಲ. ಅಂಥ ಗುಂಡಿಯ ಹತ್ತಿರ ಬರುವ ಧೈರ್ಯ ಯಾವ ನೊಣಕ್ಕಿದೆ?

ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಬೇಸಿಗೆಯಲ್ಲಿ ಅಗೆಸಿ ನೋಡಿದರೆ ಸಿಪ್ಪೆಗಳು ಸಂಡಿಗೆಯ ಹಾಗೆ ಒಣಗಿ ಗರಿಗರಿಯಾಗಿ ಕೂತಿದ್ದವು. ಬೇವಿನ ಎಲೆಗಳು ಎಲೆಗಳಾಗಿಯೇ ಇದ್ದವು.

ಆಗ ಆಕೆ ಮೊದಲ ಸಲ ಗೋಡೆಯ ಹತ್ತಿರ ಬರಿಗೈಯಲ್ಲಿ ಹೋಗಿ ನಿಂತು ಪೀರಬಿಯನ್ನು ಕರೆದಳು. ಪೀರಬಿ ಕಲ್ಲಿನ ಮೇಲೆ ಹತ್ತಿ ಇಣುಕಿ ಗುಂಡಿಯನ್ನು ನೋಡಿದಳು.

"ವಾಸ್ನಿ ಬರಾಕತ್ತೈತಲ್ರಿ ಅಕ್ಕಾರ. ಏನ್ ಹಾಕೀರಿ?"

"ಫಿನಾಯಿಲ್."

"ಅದ್ಯಾಕ್ರಿ?"

"ಮತ್ತ ಹುಳಾ ಆಗಂಗಿಲ್ಲೇನು?"

"ಹುಳಾ ಆಗ್ಲಿ ಅಂತನ ಹಾಕೂದ್ರಿ," ಎಂದಳು ಪೀರಬಿ. "ಅವ ತಿಂದು ಮಣ್ಣ ಮಾಡ್ತಾವು. ನೀವು ಅವನ್ನ ಉಪವಾಸ ಕೆಡವೀರಿ."

ಕಸ್ತೂರೆವ್ವ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡಳು. ಪೀರಬಿ ಇಳಿಯುವ ಮುಂಚೆ ತುಸು ಸಂಕೋಚದಿಂದ ಮತ್ತೊಂದು ಮಾತು ಹೇಳಿದಳು. "ನಿಮ್ಮ ಕಸಾ ಬರೂದು ನಿಂತಮ್ಯಾಲೆ ನಮ್ಮ ಗುಂಡಿ ಸೊರಗೇತ್ರಿ. ಬರೇ ಲದ್ದಿಲೇ ಆಗಂಗಿಲ್ಲ. ಓಣಿಯಾಗ ನಿಮ್ಮಂಥಾ ಕಸಾ ಯಾರ ಮನಿಯಾಗೂ ಇಲ್ಲ. ಒಂದ್ ಹರಳ ಇರ್ತಿದ್ದಿಲ್ಲ, ಒಂದ್ ಚೂರ್ ಗಾಜ ಇರ್ತಿದ್ದಿಲ್ಲ."

ತನ್ನ ಮನೆಯ ಸ್ವಚ್ಛತೆಯನ್ನು ಹೊಗಳಿದವರು ಎಷ್ಟೋ ಜನ. ಕಸವನ್ನು ಹೊಗಳಿದವಳು ಇವಳೊಬ್ಬಳೇ. ಕಸ್ತೂರೆವ್ವನಿಗೆ ಸಿಟ್ಟು ಮಾಡಬೇಕೋ ಹಿಗ್ಗಬೇಕೋ ತಿಳಿಯದೆ, ಒಂದು ಬುಟ್ಟಿ ಶೇಂಗಾಹೊಟ್ಟು ತಂದು ಗೋಡೆಯ ಮೇಲಿಂದ ಕೈಗೇ ಕೊಟ್ಟಳು. ಆದರೆ ಫಿನಾಯಿಲ್ ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದು ನಿರ್ಧರಿಸಿದ ದಿನವೇ ಒಂದು ಹುಳ ಕಂಡು, ಇವತ್ತೊಂದಿನ ಎಂದು ಹಾಕಿದಳು. ಮರುದಿನವೂ ಹಾಗೇ ಆಯಿತು.

ಆ ವರ್ಷ ಮಹಾನವಮಿ ಹತ್ತಿರ ಬಂದಾಗ ಸಿಂದಗಿಯಿಂದ ಸುದ್ದಿ ಬಂತು. ಮಗಳು ಚನ್ನವ್ವನಿಗೆ ಎರಡನೆಯ ಹೆರಿಗೆಯ ದಿನ ತುಂಬಿದೆ, ಅವಳ ಅತ್ತೆ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾಳೆ, ನೋಡಿಕೊಳ್ಳಲು ಯಾರೂ ಇಲ್ಲ. ಕಸ್ತೂರೆವ್ವ ಗಂಡನಿಗೆ ಕಸಬಾರಿಗೆ ಎಲ್ಲಿದೆ, ಫಿನಾಯಿಲ್ ಬಾಟಲಿ ಎಲ್ಲಿದೆ ಎಂದು ಇನ್ನಿಲ್ಲದಂತೆ ಹೇಳಿ ಬಸ್ಸು ಹತ್ತಿದಳು. ಬಾಣಂತನ ಮುಗಿಸಿ ಮರಳಿದ್ದು ಸಂಕ್ರಮಣ ದಾಟಿದ ಮೇಲೆ.

ಆಕೆ ಇಲ್ಲದಾಗ ನಡೆದದ್ದು ಆಮೇಲೆ ಚೂರುಚೂರಾಗಿ ಹೊರಗೆ ಬಂತು. ಶ್ರೀಶೈಲಪ್ಪ ಮೊದಲ ವಾರ ಹೇಳಿದ್ದನ್ನೆಲ್ಲ ಮಾಡಿದ್ದ. ಎರಡನೆಯ ವಾರ ಬಾರಿಗೆಯನ್ನು ಮೂಲೆಗಿಟ್ಟ. ತಾನೇ ಮಾಡಿ ಕೆಡಿಸಿಕೊಂಡ ಅನ್ನ, ಸೀದ ಸಾರು, ಉಂಡ ಎಲೆ, ಚಹಾಪುಡಿಯ ಚರಟ, ಅಂಗಡಿಯಲ್ಲಿ ಬೂಷ್ಟು ಹಿಡಿದ ದನದ ಹಿಂಡಿ ಎಲ್ಲವನ್ನೂ ಗುಂಡಿಗೆ ಸುರಿದ. ಪಾತ್ರೆ ತೊಳೆದ ನೀರನ್ನೂ ಅಲ್ಲೇ ಚೆಲ್ಲಿದ. ಸಂಜೆ ಬೇಸರಕ್ಕೆ ಕಾಸಿಂಸಾಬನನ್ನು ಚಹಾಕ್ಕೆ ಕರೆಯುವ ರೂಢಿಯಾಯಿತು. ಸುಮ್ಮನೆ ಬಂದು ಚಹಾ ಕುಡಿಯಲು ನಾಚಿಕೆಯಾಗಿ ಕಾಸಿಂಸಾಬ ಕುದುರೆಯ ಲದ್ದಿಯನ್ನು ಬುಟ್ಟಿಗಟ್ಟಲೆ ಗೋಡೆಯ ಈಚೆ ಹಾಕಿದ. ಬೇವಿನ ಮರವೂ ಯಾರ ಭಯವಿಲ್ಲದೆ ಎಲೆ ಉದುರಿಸಿತು.

ಟ್ರಂಕು ಇಳಿಸಿ ಹಿತ್ತಲಿಗೆ ಬಂದ ಕಸ್ತೂರೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ಶ್ರೀಶೈಲಪ್ಪ ಅಂಗಡಿಯ ಕೀಲಿಕೈ ಹುಡುಕುತ್ತ ಮೆಲ್ಲಗೆ ಹೊರಬಿದ್ದ. ಆಕೆ ಎಲ್ಲವನ್ನೂ ಎತ್ತಿ ಊರಾಚೆ ಹಾಕಿಸಬೇಕೆಂದು ಸಲಿಕೆ ತಂದು ಗುಂಡಿಗೆ ಹಾಕಿದಳು. ಮೇಲಿನ ಎಲೆಯ ಪದರ ಸರಿದಾಗ ಕೆಳಗೆ ಕರ್ರಗಿನ, ಹಗುರಾದ, ಹಸಿಹಸಿ ಮಣ್ಣು ಕಂಡಿತು. ಮೂಗಿನಿಂದ ಸೆರಗು ತಾನಾಗಿ ಜಾರಿತು. ನಾತವಿರಲಿಲ್ಲ. ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತಿತ್ತು. ಆಕೆ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ಬೆರಳ ಸಂದಿಯಲ್ಲಿ ಎರೆಹುಳವೊಂದು ಅಲುಗಾಡಿತು. ಚೀರಬೇಕೆನ್ನಿಸಿತು, ಆದರೆ ಕೈ ಕೊಡವಲಿಲ್ಲ. ಅದು ತನ್ನ ಮಣ್ಣಿನ ಹುಳ. ಬಹಳ ಹೊತ್ತಿನ ಮೇಲೆ ಒಳಗೆ ಹೋಗಿ ಕೈ ತೊಳೆದುಕೊಂಡಳು, ಅದೂ ಒಂದೇ ಸಲ.

ರಾತ್ರಿ ಊಟಕ್ಕೆ ಬಡಿಸುತ್ತ, "ನಾ ಎರಡು ವರ್ಷ ಮಾಡಿದ್ದು ಈಗ ಕೈಗೆ ಬಂತು ನೋಡ್ರಿ," ಎಂದಳು.

"ಹೌದು," ಎಂದ ಶ್ರೀಶೈಲಪ್ಪ. ಬೈಗುಳ ಬೀಳುತ್ತದೆಂದು ಕಾದವನಿಗೆ ಅದಕ್ಕಿಂತ ದೊಡ್ಡ ಸತ್ಯ ಬೇಕಿರಲಿಲ್ಲ.

ಆ ಗೊಬ್ಬರ ಬೆರೆಸಿದ ಮೇಲೆ ಹಿತ್ತಲಿಗೆ ಹಾರೆ ಹಾಕಿದರೆ ಸದ್ದೇ ಬರಲಿಲ್ಲ. ಪೀರಬಿ ಕೊಟ್ಟ ಸಸಿಗಳು ಹಿಡಿದುಕೊಂಡವು. ಬದನೆ ಮನೆಗೆ ಸಾಕಾಗಿ ಮಿಕ್ಕಿತು. ಇಂಡಿಯ ನೆಗೆಣ್ಣಿಗೆ ಒಂದು ಚೀಲ ಕಾಯಿ ಹೋಯಿತು, ತಕ್ಕಷ್ಟು ದೊಡ್ಡ ಚೀಲವೇ. ಸುದ್ದಿ ಹರಡಿ ಮಹಿಳಾ ಮಂಡಳದವರು ಆಕೆಯನ್ನು ಮುದ್ದೇಬಿಹಾಳಕ್ಕೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ಗೊಬ್ಬರ ಮಾಡುವ ಬಗ್ಗೆ ನಾಲ್ಕು ಮಾತು ಹೇಳಲು ಬೇಡಿಕೊಂಡರು. ಕಸ್ತೂರೆವ್ವ ಹೇಳಿದಳು: ತಳಕ್ಕೆ ಹಾಸುಗಲ್ಲು ಇರಬೇಕು, ಸಿಪ್ಪೆ ತೊಳೆದು ಹಾಕಬೇಕು, ಫಿನಾಯಿಲ್ ಹಾಕಿ ನೊಣ ಕೂರಗೊಡಬಾರದು. ಮುಂದಿನ ಸಾಲಿನವರು ತಲೆಯಾಡಿಸಿದರು.

ಒಂದು ವರ್ಷದ ಮೇಲೆ ನಾಲತವಾಡದಿಂದ ಒಬ್ಬ ಹೆಣ್ಣುಮಗಳು ವಿಳಾಸ ಕೇಳಿಕೊಂಡು ಬಂದಳು. ಅಂದು ಮುಂದಿನ ಸಾಲಿನಲ್ಲಿ ಕೂತವಳಂತೆ. "ನೀವು ಹೇಳಿದಂಗ ಎಲ್ಲಾ ಮಾಡೀನ್ರಿ. ಫಿನಾಯಿಲ್ ಸೈತ ಹಾಕೀನಿ. ಸಿಪ್ಪಿ ಸಿಪ್ಪೀನ ಅದಾವು."

ಕಸ್ತೂರೆವ್ವ ಅವಳಿಗೆ ಚಹಾ ಕೊಟ್ಟಳು. ಅವಳ ಮಾಸದ ಸೀರೆ, ತಿಕ್ಕಿ ಬೆಳ್ಳಗಾದ ಉಗುರು ನೋಡಿದಳು. ಒಳಗೆ ಗಂಡ ಪೇಪರು ಮಗುಚುವುದನ್ನು ನಿಲ್ಲಿಸಿದ್ದು ಕಿವಿಗೆ ಬಿತ್ತು.

"ನಿಮಗ ಬ್ಯಾರೆ ಊರಾಗ ಮಗಳದಾಳೇನು?"

"ತಾಳಿಕೋಟ್ಯಾಗ ಅದಾಳ್ರಿ."

"ಅಕಿ ಮನಿಗಿ ಹೋಗ್ರಿ. ಮೂರು ತಿಂಗಳಾ ಬರಬ್ಯಾಡ್ರಿ. ಗುಂಡಿ ನಿಮ್ಮ ಮನಿಯವರಿಗಿ ಬಿಟ್ಟಬಿಡ್ರಿ. ಏನೂ ಹೇಳಬ್ಯಾಡ್ರಿ ಅವರಿಗಿ."

"ಅವರಿಗಿ ಚಹಾ ಮಾಡ್ಕೊಳ್ಳಾಕೂ ಬರೂದಿಲ್ರಿ."

"ಅಂಥವ್ರ ಬೇಕು," ಎಂದಳು ಕಸ್ತೂರೆವ್ವ.

ಆ ವರ್ಷ ಮಹಾನವಮಿಗೆ ಸಿಂದಗಿಯಲ್ಲಿ ಯಾರೂ ಬಸುರಿಯಿರಲಿಲ್ಲ, ಯಾರ ಕಾಲೂ ಮುರಿದಿರಲಿಲ್ಲ. ಆದರೂ ಕಸ್ತೂರೆವ್ವ ಟ್ರಂಕು ಕಟ್ಟಿ, ಮೊಮ್ಮಗನನ್ನು ನೋಡಬೇಕೆನಿಸಿದೆ ಎಂದು ಹೇಳಿ ಹೊರಟಳು. ಬಸ್ಸು ಹತ್ತಿಸಲು ಬಂದ ಶ್ರೀಶೈಲಪ್ಪ ಯಾವಾಗ ಬರುತ್ತೀ ಎಂದು ಕೇಳಲಿಲ್ಲ.