ಮೂರನೆಯ ಕೂಗಿಗೆ ಮುಂಚೆ

ಬೆಳಕು ಹರಿಯುವ ಹೊತ್ತು. ನ್ಯಾಯಾಲಯದ ಹಿಂದಿನ ನಲ್ಲಿಯ ಬಳಿ ಗಂಟಲಣ್ಣ ಉಪ್ಪುನೀರು ಮುಕ್ಕಳಿಸುತ್ತಿದ್ದಾರೆ. ಹೆಸರಿಗೆ ಜವಾನ, ಕೆಲಸ ಕಕ್ಷಿದಾರರನ್ನು ಕೂಗಿ ಕರೆಯುವುದು. "ವಕೀಲರು ಕೂಗಾಡಿ ಹೆಸರು ಮಾಡ್ತಾರೆ. ನಾನು ಹೆಸರು ಕೂಗಿ ಹೊಟ್ಟೆ ಹೊರೀತೀನಿ," ಎಂದು ನಗುತ್ತಾರೆ. ಮಾಸಿದ ಸಮವಸ್ತ್ರವಾದರೂ ಇಸ್ತ್ರಿ ತಪ್ಪಿಲ್ಲ.

ದಾವೆ ಹೂಡಿದವರು ವಾದಿ, ಎದುರು ಪಕ್ಷದವರು ಪ್ರತಿವಾದಿ. ಮೂರು ಕೂಗಿಗೂ ವಾದಿ ಓಗೊಡದಿದ್ದರೆ ದಾವೆ ವಜಾ ಆಗಬಹುದು. ಪ್ರತಿವಾದಿ ಬಾರದಿದ್ದರೆ ಅವರ ಮಾತು ಕೇಳದೆಯೇ ಏಕಪಕ್ಷೀಯ ತೀರ್ಪು. ಹೇಳುವಾಗ ಸಣ್ಣ ಮಾತು, ಮನೆ ಕಳೆದುಕೊಂಡವರಿಗೆ ಗೊತ್ತು ಅದರ ತೂಕ.

ಕಲಾಪಕ್ಕೆ ಮುಂಚೆ ಗಂಟಲಣ್ಣ ಪಡಸಾಲೆ ಸುತ್ತಿ ಬಂದವರನ್ನೆಲ್ಲ ಮಾತಾಡಿಸುತ್ತಾರೆ. ಅದಕ್ಕೊಂದು ಕಾರಣವಿದೆ. ಕಾಗದದಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು. ಹುಟ್ಟಿದಂದಿನಿಂದ ಪುಟ್ಟಕ್ಕ ಅನ್ನಿಸಿಕೊಂಡವರು ಕಾಗದದ ಹೆಸರು ಕೇಳಿದರೂ, ಇನ್ಯಾರನ್ನೋ ಕರೆದರೆಂದು ಸುಮ್ಮನೆ ಕೂತಿರುತ್ತಾರೆ.

ಇವತ್ತೂ ಅದೇ ಆಗುತ್ತದೆ. ಗಂಡ ತೀರಿಕೊಂಡ ಹೆಂಗಸೊಬ್ಬರನ್ನು ಮೈದುನ ಮನೆಯಿಂದ ಹೊರಹಾಕಲು ನೋಡುತ್ತಿದ್ದಾನೆ. ಆಕೆ ಹೂಡಿದ ದಾವೆಗೆ ಇಷ್ಟು ದಿನ ವಕೀಲರೇ ಬರುತ್ತಿದ್ದರು. ಸಾಕ್ಷಿ ಹೇಳಲು ಆಕೆ ಬಂದಿರುವುದು ಇದೇ ಮೊದಲು, ಅದೂ ತಡವಾಗಿ. ವಕೀಲರು ಪಕ್ಕದ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ಎರಡು ಕೂಗು ಆಗಿಹೋಯಿತು. ಬಾಗಿಲ ಬಳಿ ನಿಂತ ಮೈದುನನಿಗೆ ಬೆಂಚಿನ ಮೇಲಿರುವ ಅತ್ತಿಗೆ ಚೆನ್ನಾಗಿ ಕಾಣುತ್ತಾರೆ. ತುಟಿ ಬಿಚ್ಚುವುದಿಲ್ಲ.

ನ್ಯಾಯಾಧೀಶರು ಹಿಂದಿನ ದಾವೆಯ ಆದೇಶ ಬರೆಸುತ್ತಿದ್ದಾರೆ. ಅಷ್ಟೇ ಬಿಡುವು. ಮೂರನೆಯ ಸಲ ಕೂಗದೆ ಗಂಟಲಣ್ಣ ಹೊರಗೆ ಬರುತ್ತಾರೆ. ಒಬ್ಬೊಬ್ಬರನ್ನೇ ವಿಚಾರಿಸುತ್ತ ಕೊನೆಯ ಬೆಂಚಿಗೆ ಬಂದು ಬಗ್ಗುತ್ತಾರೆ.

"ಅಮ್ಮ, ಮೈದುನನ ಮೇಲೆ ಮನೆ ದಾವೆ ಹಾಕಿರೋರು ನೀವಾ?"

"ಹೌದಪ್ಪ. ಪುಟ್ಟಕ್ಕ ಅಂತ ಇನ್ನೂ ಕರೀಲಿಲ್ವಲ್ಲ."

"ಎರಡು ಸಲ ಕರೆದೆ. ಕಾಗದದಲ್ಲಿ ನೀವು ಪುಟ್ಟಕ್ಕ ಅಲ್ಲ ತಾಯಿ. ಏಳಿ."

ಆಕೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮೂರನೆಯ ಸಲ ಕೂಗುತ್ತಾರೆ. "ಬಂದೆ," ಎಂದು ಆಕೆ ಒಳಗೆ ನಡೆದು ಕಟಕಟೆ ಹತ್ತುತ್ತಾರೆ. ಮುಂದೆ ಎದುರು ವಕೀಲರ ಪಾಟೀಸವಾಲಿದೆ. ಗೆಲ್ಲುತ್ತಾರೋ ಸೋಲುತ್ತಾರೋ, ಆಡಬೇಕಾದ ಮಾತನ್ನಂತೂ ಆಡುತ್ತಾರೆ.

ಊಟದ ಬಿಡುವಿನಲ್ಲಿ ಗುಮಾಸ್ತರು ಕೆಣಕುತ್ತಾರೆ: ನಿನ್ನ ಕೆಲಸ ಕೂಗೋದು, ಊರೆಲ್ಲ ಹುಡುಕೋದಲ್ಲ. ಗಂಟಲಣ್ಣ ಬುತ್ತಿಯ ಮುಚ್ಚಳ ತೆಗೆಯುತ್ತ ಮೆಲ್ಲಗೆ ಹೇಳುತ್ತಾರೆ: "ಮೂರು ಸಲ ಆದಮೇಲೆ 'ಹಾಜರಿಲ್ಲ' ಅನ್ನೋನು ನಾನಲ್ವಾ ಸಾರ್? ಬಂದು ಕೂತಿರೋರನ್ನ ಬಂದಿಲ್ಲ ಅಂದ್ರೆ, ಅದು ನಾನು ಹೇಳಿದ ಸುಳ್ಳು ಸಾಕ್ಷಿ."