ಊದುಬತ್ತಿಯ ಹಬೆ, ಶೇವಿಂಗ್ ಫೋಮಿನ ಬೆಣ್ಣೆ

ದೋಸ್ತರೇ, ಇಂದು ಮಧ್ಯಾಹ್ನ ಆಳಂದದಲ್ಲಿ ಇಬ್ಬರು ನನ್ನ ಶೇವಿಂಗ್ ಫೋಮಿಗೆ ಕೈ ಮುಗಿದರು.

ನನ್ನ ಹೆಂಡತಿ ಹೊಸದಾಗಿ ತೆರೆದ ಖಾನಾವಳಿಯ ಬೋರ್ಡಿಗೆ ಊಟದ ಫೋಟೊ ಬೇಕಿತ್ತು. ಅಫಜಲಪುರದಿಂದ ಅವಳ ತಮ್ಮ ಮಲ್ಲು ಕ್ಯಾಮೆರಾ ಹಿಡಿದು ಬಂದ. ಪೂರ್ತಿ ಬೆಂದರೆ ಆಕಾರ ಕೆಡುತ್ತದೆಂದು ಅರೆಬೆಂದ ಬದನೆಕಾಯಿ, ಹೊಳಪಿಗೆ ಮೇಲೆ ಎಣ್ಣೆ, ನಿಜವಾದದ್ದು ಕರಗುತ್ತದೆಂದು ರೊಟ್ಟಿಗೆ ನನ್ನ ಫೋಮೇ ಬೆಣ್ಣೆ! ಹಬೆ ಕಾಣಲೆಂದು ತಾಟಿನ ಹಿಂದೆ ಊದುಬತ್ತಿ ಹಚ್ಚಿಟ್ಟ.

ಅಷ್ಟರಲ್ಲಿ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಬಂದ ಇಬ್ಬರು ಲಾರಿ ಡ್ರೈವರುಗಳು ಉಣ್ಣಲು ಒಳಬಂದರು. ಊದುಬತ್ತಿ ಕಂಡದ್ದೇ ತಡ, ಚಪ್ಪಲಿ ಬಿಟ್ಟು ಕೈ ಮುಗಿದರು. ಮಲ್ಲು ಫೋಟೊ ಹೊಡೆದೇಬಿಟ್ಟ.

"ನೈವೇದ್ಯ ಆತಲ್ರಿ ಅಕ್ಕಾರ, ಪ್ರಸಾದ ಕೊಡ್ರಿ," ಎಂದು ಹಿರಿಯ ಡ್ರೈವರ್ ರೊಟ್ಟಿಗೆ ಕೈ ಚಾಚಿದ.

"ಏ ಕಾಕಾ, ಮುಟ್ಟಬ್ಯಾಡ್ರಿ! ಅದು ತಿನ್ನೂದಲ್ಲ!" ಎಂದು ಮಲ್ಲು ಅಡ್ಡ ಬಂದ.

"ಖಾನಾವಳ್ಯಾಗ ತಿನ್ನಾಕಲ್ದ ಮತ್ಯಾಕ ಇಟ್ಟೀಯೋ ತಮ್ಮಾ?"

ಹೆಂಡತಿ ತಾಟನ್ನು ಹಿಂದಕ್ಕೆ ಸರಿಸಿದಳು. ತೆರೆದ ವಾರದಲ್ಲೇ 'ಅಲ್ಲಿಯದು ತಿನ್ನುವ ಊಟವಲ್ಲ' ಎಂಬ ಮಾತು ಲಾರಿ ಹತ್ತಿ ಊರೂರು ಸುತ್ತಿದರೆ ಅಂಗಡಿ ಮುಚ್ಚಿದಂತೆಯೇ. "ಪ್ರಸಾದ ಒಳಗೈತ್ರಿ ಕಾಕಾ, ಕುಂದರ್ರಿ," ಎಂದವಳೇ ಬಿಸಿ ರೊಟ್ಟಿ, ಮೆತ್ತಗೆ ಬೆಂದ ಎಣ್ಣೆಗಾಯಿ, ನಿಜವಾದ ಬೆಣ್ಣೆ ಬಡಿಸಿದಳು. ಅವರು ಬೆರಳು ಚೀಪುತ್ತ ಉಂಡೆದ್ದರು.

ಬೋರ್ಡಿಗೆ ಯಾವ ಫೋಟೊ ಎಂದು ಮಲ್ಲು ಕೇಳಿದಾಗ ಹೆಂಡತಿ ಆ ಮುಗಿದ ಕೈಗಳದ್ದನ್ನೇ ಆರಿಸಿದಳು. "ಉಣ್ಣೂಕಿಂತ ಮೊದಲ ಕೈ ಮುಗಿಯೂವಂಥ ಊಟ ಆಳಂದದಾಗ ಮತ್ತೆಲ್ಲಿ ಐತಿ?"

ಅವಳ ಚಿಂತೆ ತೀರಿತು, ನನ್ನದು ಶುರುವಾಯಿತು. ಆ ಫೋಮಿನ ಡಬ್ಬಿಯನ್ನು ಇನ್ನು ಬಚ್ಚಲ ಮನೆಯಲ್ಲಿಡಲೋ, ದೇವರ ಮನೆಯಲ್ಲಿಡಲೋ?