ಅನುಸೂಯಾಳ ಹಕ್ಕಿಗಳಿಗೆ ಕುಂಕುಮ

ನನ್ನ ಅಕ್ಕ ಅನುಸೂಯಾಳಿಗೆ ಹುಚ್ಚು ಹಿಡಿದಿದೆ ಎನ್ನುವವರು ಜುಗೂಳದಲ್ಲಿ ಈಗಲೂ ಇದ್ದಾರೆ. ನನ್ನ ಎದುರಿಗೆ ಮಾತ್ರ ಅನ್ನುವುದಿಲ್ಲ. ಒಮ್ಮೆ ಹಾಲಿನ ಡೇರಿಯ ಮುಂದೆ ಒಬ್ಬಾಕೆ ಅಂದಿದ್ದಳು, ಆಕೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಸುಂದರಾ, ಅವಳ ತಂಗಿ. ನಮ್ಮಿಬ್ಬರನ್ನೂ ಪಾಲಬಾವಿಯಿಂದ ಈ ಊರಿನ ಒಂದೇ ಓಣಿಗೆ ಕೊಟ್ಟರು. ನನ್ನ ಕಟ್ಟೆಯ ಮೇಲೆ ಕುಳಿತರೆ ಅವಳ ಮನೆಯ ಮಾತು ಕೇಳುತ್ತದೆ. ಅವಳ ಸಂಸಾರವನ್ನು ನನ್ನಷ್ಟು ಹತ್ತಿರದಿಂದ ಕಂಡವರಿಲ್ಲ, ಅವಳ ಪರವಾಗಿ ಸಿಟ್ಟಾಗುವ ಹಕ್ಕೂ ನನ್ನಷ್ಟು ಯಾರಿಗೂ ಇಲ್ಲ.

ಅನುಸೂಯಾಗೆ ಸಿಟ್ಟೇ ಬರುವುದಿಲ್ಲ ಎಂದು ಬೀಗರು ಬಿಜ್ಜರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಕುರಿಮರಿಗಳಿಗೆ ಸೊಪ್ಪು-ತಪ್ಪಲು ಹಾಕಿ, ಕಬ್ಬಿನ ಹೊಲಕ್ಕೆ ಬುತ್ತಿ ಒಯ್ದು, ಸಂಜೆ ಬಂದು ಮತ್ತೆ ಒಲೆ ಹೊತ್ತಿಸುವವಳಿಗೆ ಸಿಟ್ಟಾಗಲು ಪುರುಸೊತ್ತಾದರೂ ಎಲ್ಲಿತ್ತು? ಆ ಮನೆಯಲ್ಲಿ ಪ್ರತಿಯೊಂದಕ್ಕೂ ಒಬ್ಬ ಒಡೆಯನಿದ್ದ. ಟ್ರ್ಯಾಕ್ಟರು, ಹೊಲ, ಬೋರಿನ ಮೋಟರು ಅಕ್ಕನ ಗಂಡ ಮಾಳೇಶ ಮಾವನವು. ದೇವರ ಜಗಲಿ, ಬೆಲ್ಲದ ಡಬ್ಬಿ, ಕೀಲಿಕೈ ಗೊಂಚಲು ಅವಳ ಅತ್ತೆ ಭೀಮಾಬಾಯಿಯವು. ಅಕ್ಕನದು ಎನ್ನಲು ತವರಿನಿಂದ ತಂದ ತಗಡಿನ ಟ್ರಂಕು ಒಂದಿತ್ತು, ಅದರ ಅರ್ಧದಲ್ಲೂ ಮಾವ ತನ್ನ ಟ್ರ್ಯಾಕ್ಟರಿನ ಕಾಗದಪತ್ರ ತುಂಬಿದ್ದ. ಅಕ್ಕನ ಗಂಡನಿಗೆ ಬಹುವಚನ ಹಚ್ಚಬೇಕು, ನನಗೂ ಗೊತ್ತು. ಇದನ್ನು ಹೇಳುವಾಗ ಬಾಯಿಗೆ ಬರುವುದಿಲ್ಲ.

ಶುರುವಾದದ್ದು ರಾಖಿಯಿಂದ. ನಮ್ಮ ತಮ್ಮ ಮಿಲಿಟರಿಯಲ್ಲಿದ್ದಾನೆ, ಪ್ರತಿ ವರ್ಷ ಶ್ರಾವಣದಲ್ಲಿ ಅಕ್ಕ ಕಾಗವಾಡದ ಪೋಸ್ಟಿಗೆ ಹೋಗಿ ಅವನಿಗೆ ರಾಖಿಯ ಪಾಕೀಟು ಹಾಕಿ ಬರುತ್ತಾಳೆ. ಆ ಸಲ ಕಿಟಕಿಯಲ್ಲಿದ್ದವನು ಕೊಟ್ಟ ಅಂಚೆ ಚೀಟಿಯ ಮೇಲೆ ಒಂದು ಕೊಕ್ಕರೆ ಇತ್ತು. ನಮ್ಮ ಹೊಳೆಯ ದಂಡೆಗೆ ದಿನಾ ಬಂದು ನಿಲ್ಲುವಂಥದೇ, ಆದರೆ ರೆಕ್ಕೆಯ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಅಕ್ಕನಿಗೆ ಅದನ್ನು ಪಾಕೀಟಿಗೆ ಅಂಟಿಸಲು ಮನಸ್ಸು ಬರಲಿಲ್ಲ. ತಿರುಗಿ ಹೋಗಿ ಬೇರೆ ಚೀಟಿ ಕೊಂಡು ಅದನ್ನು ಅಂಟಿಸಿದಳು, ಕೊಕ್ಕರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ನನಗೆ ತೋರಿಸುವಾಗ ಯಾರದೋ ಗಂಟು ಕದ್ದು ತಂದವಳ ಹಾಗೆ ಬಾಗಿಲು ಮುಂದೆ ಮಾಡಿದ್ದಳು.

ಯಾರೂ ಹೇಳಿಕೊಡದ ಕೆಲಸದಲ್ಲಿ ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಅವಳೂ ಮಾಡಿದಳು. ಹಳೆಯ ನೋಟುಬುಕ್ಕಿನ ಹಾಳೆಯ ಮೇಲೆ ಕೊಕ್ಕರೆಯನ್ನು ಫೆವಿಕಾಲ್ ಹಚ್ಚಿ ಕೂಡಿಸಿದಳು. ಆಮೇಲೆ ಬ್ಯಾಂಕಿಗೆ, ಶಾಲೆಗೆ, ಸೊಸೈಟಿಗೆ ಬಂದ ಪಾಕೀಟುಗಳನ್ನು ಕೇಳಿ ತಂದು, ಅವುಗಳ ಚೀಟಿಗಳನ್ನು ಉಗುರಿನಿಂದ ಕಿತ್ತು, ಅವನ್ನೂ ಅಂಟಿಸಿದಳು. ಈಗಿನ ಪಾಕೀಟುಗಳ ಮೇಲೆ ಚೀಟಿ ಇರುವುದೇ ಅಪರೂಪ, ಬರೀ ಯಂತ್ರದ ಮುದ್ರೆ, ಕರಿ ಗೆರೆಯ ಲೇಬಲ್ಲು. ಇದ್ದ ನಾಲ್ಕರಲ್ಲಿ ಎರಡು ಹರಿಯುತ್ತಿದ್ದವು. ಊರಿನ ಗಂಡಸರು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು. ಇಡೀ ದಿನ ಮೊಬೈಲಿನಲ್ಲಿ ಯಾರೋ ಕುಣಿಯುವುದನ್ನು ನೋಡುತ್ತ ಕೂರುವ ಜನ, ಒಬ್ಬ ಹೆಂಗಸು ಒಂದು ಹಕ್ಕಿಯ ಚಿತ್ರ ನೋಡಿದರೆ ನಗುತ್ತಾರೆ.

ಅಕ್ಕನ ಹುಚ್ಚು ಕಂಡು ಕಾಗವಾಡದ ಪೋಸ್ಟಿನವನೇ ಒಂದು ಹೆಸರು ಹೇಳಿದ. ಅಥಣಿಯ ತಾತ್ಯಾಸಾಹೇಬರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಚಿಕ್ಕಂದಿನಿಂದ ಅಂಚೆ ಚೀಟಿ ಕೂಡಿಸಿದವರು. ಅಥಣಿಗೆ ಹೋಗಿ ಬರಲೇ ಎಂದು ಅಕ್ಕ ಕೇಳಿದಾಗ ಮಾವ ಬೇಡ ಎಂದ. ಕಾರಣ ಹೇಳುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ. ನನ್ನ ಹಲ್ಲು ತೋರಿಸಬೇಕು, ಜೊತೆಗೆ ಅಕ್ಕ ಬೇಕು ಎಂದು ನಾನು ಸುಳ್ಳು ಹೇಳಿ ಅವಳನ್ನು ಬಸ್ಸು ಹತ್ತಿಸಿದೆ. ಹಲ್ಲು ಗಟ್ಟಿಮುಟ್ಟಾಗಿದ್ದವು, ಇಂಥ ಕಡೆ ಕಡಿಯಲು ಬೇಕಾಗುತ್ತವೆ.

ತಾತ್ಯಾಸಾಹೇಬರು ಆ ನೋಟುಬುಕ್ಕು ತೆರೆದವರೇ ಹಣೆ ಹಣೆ ಬಡಿದುಕೊಂಡರು. ಅಂಟಿಸಿದ ಚೀಟಿ ಸತ್ತ ಚೀಟಿ ಎಂದರು. ಬೈಯುತ್ತಲೇ ಎಲ್ಲವನ್ನೂ ಕಲಿಸಿದರು. ಪಾಕೀಟಿನಿಂದ ಕೀಳಬಾರದು, ಸುತ್ತ ಒಂದಿಷ್ಟು ಕಾಗದ ಬಿಟ್ಟು ಕತ್ತರಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ತೇಲಿ ಬಿಡಬೇಕು, ಅಂಟು ಕರಗಿದಾಗ ಚೀಟಿ ತಾನೇ ಕಾಗದ ಬಿಟ್ಟು ಜಾರುತ್ತದೆ. ಮುಖ ಕೆಳಗೆ ಮಾಡಿ ಒಣಗಿಸಿ, ಭಾರದ ಪುಸ್ತಕದ ನಡುವೆ ಇಡಬೇಕು. ಕೈಯಿಂದ ಮುಟ್ಟಬಾರದು, ಬೆರಳಿನ ಎಣ್ಣೆ ಹತ್ತುತ್ತದೆ, ಚಿಮಟಿಗೆಯಿಂದ ಎತ್ತಬೇಕು. ಅಂಚಿನ ಹಲ್ಲು ಒಂದು ಮುರಿದರೂ ಚೀಟಿ ಕುಂಟಿದಂತೆ. ಕೊನೆಗೆ ಅವರು ಹೇಳಿದ ಮಾತನ್ನು ಅಕ್ಕ ಬಸ್ಸಿನಲ್ಲಿ ಮನೆಯವರೆಗೂ ಹೇಳಿಕೊಳ್ಳುತ್ತ ಬಂದಳು.

"ಎಲ್ಲಾ ಕೂಡಿಸಾಕ ಹೋಗಬ್ಯಾಡ್ರಿ ತಾಯಿ, ಅದು ಕಸ ಆಗ್ತೈತಿ. ಒಂದು ವಿಷಯ ಹಿಡೀರಿ. ಅದರಾಗ ನೀವೇ ದೊಡ್ಡವರಾಗ್ರಿ."

ಅವಳು ಹಕ್ಕಿ ಹಿಡಿದಳು. ಆಮೇಲೆ ಮೂರು ವರ್ಷ ಆ ಟ್ರಂಕಿನ ಅರ್ಧ ಭಾಗದಲ್ಲಿ ಗುಬ್ಬಿ, ಪಾರಿವಾಳ, ಗಿಳಿ, ನವಿಲು, ಹದ್ದು ಸೇರುತ್ತ ಹೋದವು. ಎರಡೆರಡು ಬಂದದ್ದನ್ನು ತಾತ್ಯಾಸಾಹೇಬರಿಗೆ ಕೊಟ್ಟು ಇಲ್ಲದ್ದನ್ನು ತರುತ್ತಿದ್ದಳು. ತಮ್ಮ ತನ್ನ ಪಲ್ಟಣಿನ ಗೆಳೆಯರಿಂದ ಕೇಳಿ ಕಳಿಸುತ್ತಿದ್ದ. ಒಂದು ಮಳೆಗಾಲ ಹೊಳೆ ಏರಿ ಓಣಿಗೆ ನೀರು ಬಂದಾಗ ಮಾವ ಟ್ರ್ಯಾಕ್ಟರನ್ನು ದಿನ್ನೆಗೆ ಹೊಡೆದ, ಭೀಮಾಬಾಯಿ ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡಳು, ಅಕ್ಕ ಹಕ್ಕಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ನಡೆದಳು. ಬಸುರಿಯಂತೆ ಕಾಣುತ್ತಿದ್ದಾಳೆ ಎಂದು ಆಗಲೂ ನಕ್ಕರು.

ಹೋದ ವರ್ಷ ತಾತ್ಯಾಸಾಹೇಬರು ಫೋನ್ ಮಾಡಿದರು. ದಸರೆ ಮುಗಿದ ವಾರ ಚಿಕ್ಕೋಡಿಯ ಕಾಲೇಜೊಂದರ ಹಾಲಿನಲ್ಲಿ ಅಂಚೆ ಚೀಟಿಗಳ ಪ್ರದರ್ಶನ. ಅಕ್ಕನಿಗೆ ಒಂದು ಫಲಕ ಇಟ್ಟಿದ್ದಾರಂತೆ. ಮೇಲೆ ಅವಳ ಹೆಸರು ಬರೆಸುತ್ತಾರಂತೆ. ಎರಡೇ ಷರತ್ತು: ಬಿಳಿ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಜೋಡಿಸಿರಬೇಕು, ಒಂದು ಚೀಟಿಯ ಮೇಲೂ ಕಲೆ ಇರಬಾರದು. ಅಕ್ಕನ ಹೆಸರು ಮದುವೆಯ ಲಗ್ನಪತ್ರಿಕೆಯ ನಂತರ ಎಲ್ಲಿಯೂ ಅಚ್ಚಾಗಿರಲಿಲ್ಲ. ಅವಳು ಆ ಸುದ್ದಿ ಹೇಳುವಾಗ ಅಳುತ್ತಿದ್ದಳು, ನನಗೂ ಅಳು ಬಂತು, ಆಮೇಲೆ ಇಬ್ಬರೂ ನಕ್ಕೆವು.

ನನ್ನ ಮನೆಯ ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು, ಚೀಟಿ ಕೆಡದಂತೆ ಮತ್ತೆ ಬಿಡಿಸಬಹುದಾದ ಸಣ್ಣ ಮಡಿಕೆಯ ಅಂಟುಚೀಟಿ ಹಿಂದೆ ಹಚ್ಚಿ, ಒಂದೊಂದೇ ಹಕ್ಕಿಯನ್ನು ಚಿಮಟಿಗೆಯಿಂದ ಕೂಡಿಸಿದಳು. ಮೇಲೆ ಹಾಕುವ ಪಾರದರ್ಶಕ ಹಾಳೆಯನ್ನು ತಾತ್ಯಾಸಾಹೇಬರು ಅಲ್ಲಿಯೇ ಕೊಡುವವರಿದ್ದರು. ಮಾವ ಅಂದು ನಮ್ಮನೆಗೆ ಬಂದವನು ಒಂದು ಹಾಳೆ ಎತ್ತಲು ಬಾಗಿದ. ಕೈ ತೊಳೆದುಕೊಂಡರೂ ಮುಟ್ಟಬೇಡಿ, ಒಂದು ಕಲೆ ಬಿದ್ದರೆ ಪ್ರದರ್ಶನಕ್ಕೆ ನಡೆಯುವುದಿಲ್ಲ ಎಂದು ಅಕ್ಕ ಮೆತ್ತಗೆ ಹೇಳಿದಳು. ನನ್ನ ಕಣ್ಣ ಮುಂದೆಯೇ ಹೇಳಿದಳು. ಹಾಳೆಗಳನ್ನು ಹೊಸ ಫೈಲಿನಲ್ಲಿಟ್ಟು ಟ್ರಂಕಿಗೆ ಸೇರಿಸಿದಳು.

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ನಮ್ಮ ಕಡೆ ದುಡಿಯುವ ಸಾಮಾನೆಲ್ಲ ದೇವರು. ಕುಡಗೋಲು, ಗುದ್ದಲಿ, ಮೋಟರಿನ ಸ್ಟಾರ್ಟರು, ಬೈಕು, ಟ್ರ್ಯಾಕ್ಟರಿನ ಪ್ರತಿ ಗಾಲಿ, ಎಲ್ಲಕ್ಕೂ ಅರಿಷಿಣ ಕುಂಕುಮ ಬೀಳುತ್ತದೆ. ಯಾವುದನ್ನೂ ಬಿಡುವಂತಿಲ್ಲ. ಅಂದು ಅಕ್ಕ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಮಾವ ಟ್ರ್ಯಾಕ್ಟರಿನ ಕಾಗದಪತ್ರವನ್ನೂ ಪೂಜೆಗಿಡಲು ಟ್ರಂಕು ತೆಗೆದ, ಜೊತೆಗೆ ಫೈಲೂ ಹೊರಗೆ ಬಂತು. ಹೋಳಿಗೆ ಮುಗಿಸಿ ಅಕ್ಕ ಆರತಿಗೆಂದು ಹೊರಗೆ ಬಂದಾಗ ಹಾಳೆಗಳು ಕುಡಗೋಲಿನ ಪಕ್ಕದಲ್ಲಿ ಸಾಲಾಗಿ ಹರಡಿದ್ದವು. ಒಂದೊಂದು ಹಕ್ಕಿಯ ಮೇಲೂ ಒದ್ದೆ ಅರಿಷಿಣದ ಒಂದು ಬೊಟ್ಟು, ಅದರ ಮೇಲೆ ಕುಂಕುಮದ ಒಂದು ಬೊಟ್ಟು. ಭೀಮಾಬಾಯಿ ಕೊನೆಯ ಸಾಲಿಗೆ ಬೊಟ್ಟಿಡುತ್ತಿದ್ದಳು.

ಅಕ್ಕ ಒಂದು ಗುಬ್ಬಿಯನ್ನು ಎತ್ತಿ ನೀರಿನ ತಾಟಿನಲ್ಲಿ ಬಿಟ್ಟಳು. ಕುಂಕುಮ ಹರಡಿ ಇಡೀ ಚೀಟಿ ಗುಲಾಬಿಯಾಯಿತು, ಅರಿಷಿಣ ಅಲ್ಲೇ ಉಳಿಯಿತು. ಉಳಿದವನ್ನು ಅವಳು ಮುಟ್ಟಲಿಲ್ಲ. ನಾನು ಹೋದಾಗ ಮಾವ ಬಾಗಿಲಲ್ಲಿ ನಿಂತು, ಅವ್ವ ಯಾವಾಗ ತೆಗೆದುಕೊಂಡಳೋ ತನಗೆ ಗೊತ್ತೇ ಇಲ್ಲ, ತಾನು ಹೊರಗೆ ಟ್ರ್ಯಾಕ್ಟರು ತೊಳೆಯುತ್ತಿದ್ದೆ ಎಂದು ಹೇಳುತ್ತಿದ್ದ. ಹೋಗಲಿ ಬಿಡು, ಹಳೇ ಕಾಗದ, ಬೇರೆ ತಂದರಾಯಿತು ಎಂದ. ಮೂರು ವರ್ಷದ ಕೆಲಸಕ್ಕೆ ಹಳೇ ಕಾಗದ ಎಂದವನ ಟ್ರ್ಯಾಕ್ಟರಿನ ಗಾಲಿಗಳನ್ನು ಬಿಚ್ಚಿ ಹೊಳೆಗೆ ಎಸೆಯಬೇಕು ಅನ್ನಿಸಿತು ನನಗೆ. ನಿಜವಾಗಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಅಕ್ಕ ತಾತ್ಯಾಸಾಹೇಬರಿಗೆ ಫೋನ್ ಮಾಡಿ ಫಲಕ ಬೇರೆಯವರಿಗೆ ಕೊಡಿರಿ ಎಂದಳು. ಕಾರಣ ಕೇಳಿದ್ದಕ್ಕೆ ಹಕ್ಕಿಗಳಿಗೆ ಕಲೆ ಬಿದ್ದಿದೆ ಎಂದಷ್ಟೇ ಹೇಳಿ ಇಟ್ಟಳು. ಮದುವೆಯಾದಾಗಿನಿಂದ ಮೊದಲ ಸಲ ಅತ್ತೆಗೆ ಚಹಾ ಕೊಡದೆ ತಾನೊಬ್ಬಳೇ ಕುಡಿದಳು. ನನಗೆ ಅದನ್ನು ನೋಡಿ ಹೊಟ್ಟೆ ತಣ್ಣಗಾಯಿತು ಎಂದು ಹೇಳಿಬಿಡುತ್ತೇನೆ. ನಾನೂ ಆ ಮುದುಕಿಯನ್ನು ಮನಸ್ಸಿನಲ್ಲಿ ಬೇಕಾದಷ್ಟು ಬೈದುಕೊಂಡಿದ್ದೆ.

ಅಂದು ವಿಜಯದಶಮಿ, ಸಂಜೆ ಬನ್ನಿ ಕೊಡುವ ಹೊತ್ತು. ನಮ್ಮಲ್ಲಿ ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ವರ್ಷವಿಡೀ ಮುಖ ತಿರುಗಿಸಿಕೊಂಡವರೂ ಅಂದು ಬನ್ನಿ ಕೊಡುತ್ತಾರೆ, ಕೊಡದಿದ್ದರೆ ಅದು ಊರಿಗೆಲ್ಲ ಗೊತ್ತಾಗುವ ಮಾತು. ಓಣಿಯ ಮಂದಿ ಬಂದು ಹೋಗುತ್ತಿದ್ದರು, ಅಕ್ಕ ಕಂಬಕ್ಕೆ ಆತು ಕೂತೇ ಇದ್ದಳು. ಆಗ ಭೀಮಾಬಾಯಿ ತಾನೇ ಬನ್ನಿ ಹಿಡಿದುಕೊಂಡು ಸೊಸೆಯ ಹತ್ತಿರ ಬಂದಳು. ಅತ್ತೆ ಸೊಸೆಗೆ ಮೊದಲು ಕೊಡುವುದನ್ನು ನಾನು ಯಾವ ಮನೆಯಲ್ಲೂ ಕಂಡಿಲ್ಲ.

"ನನಗ ಸಿಟ್ಟು ಮಾಡಬ್ಯಾಡವಾ," ಎಂದಳು ಮುದುಕಿ. "ಈ ಮನ್ಯಾಗ ಬಂದಾಗಿಂದ ಖಂಡೆ ಪೂಜಿ ಮಾಡೀನಿ. ಎಲ್ಲಾ ಗಂಡಸೂರ ಸಾಮಾನಿಗೇ ಹಚ್ಚಿದ್ದು. ಈ ಸಲ ನಿಂದೂ ಒಂದು ಐತಿ ಅಂತ ಖುಷಿ ಆತು. ಫೈಲಿನ ರಟ್ಟಿಗಷ್ಟ ಹಚ್ಚಿ ಬಿಡಾಕ ಮನಸ್ಸು ಬರಲಿಲ್ಲ, ಅದಕ್ಕ ಒಂದೊಂದಕ್ಕೂ ಹಚ್ಚಿದೆ. ಹಾಳಾಗ್ತೈತಿ ಅಂತ ನನಗೇನು ಗೊತ್ತು. ಫೈಲು ತಂದು ಕೊಟ್ಟಾಗ ಮಾಳೇಶನ್ನ ಕೇಳಿದೆ, ಇದಕ್ಕ ಹಚ್ಚಲೇನಪಾ ಅಂತ. ಹಚ್ಚು ಅಂದ."

ಮಾವ ಪಡಸಾಲೆಯಲ್ಲೇ ಇದ್ದ, ಯಾರೋ ಕೊಟ್ಟ ಬನ್ನಿ ಕೈಯಲ್ಲಿ ಹಿಡಿದುಕೊಂಡು. ಹಿಂದಿನ ದಿನ ತಾನು ಹೇಳಿದ್ದ ಸುಳ್ಳು ತನ್ನ ಅವ್ವನ ಬಾಯಿಂದಲೇ ಬಯಲಾದದ್ದು ಅವನಿಗೂ ತಿಳಿಯಿತು. ಮುದುಕಿಗೆ ಮಾತ್ರ ತಾನು ಏನು ಹೇಳಿದೆ ಎಂಬುದು ತಿಳಿಯಲಿಲ್ಲ. ಅಕ್ಕ ಎದ್ದು ನಿಂತಳು. ಅತ್ತೆಯ ಕೈಯಿಂದ ಬನ್ನಿ ತೆಗೆದುಕೊಂಡಳು, ತಟ್ಟೆಯಿಂದ ಬೇರೆ ಬನ್ನಿ ಎತ್ತಿ ಅತ್ತೆಗೆ ಕೊಟ್ಟು ಪೂರ್ತಿ ಬಾಗಿ ಕಾಲು ಮುಟ್ಟಿದಳು. ಮುದುಕಿ ಅವಳ ತಲೆಯ ಮೇಲೆ ಕೈ ಇಟ್ಟು ಅತ್ತಳು.

ಮಾವ ಇನ್ನು ತನ್ನ ಸರದಿ ಎಂದು ಕೈ ಮುಂದೆ ಚಾಚಿದ. ಓಣಿಯ ಮಂದಿ ನೋಡುತ್ತಿದ್ದರು. ಅಕ್ಕ ತಟ್ಟೆಯ ಮೇಲೆ ಸೆರಗು ಮುಚ್ಚಿದಳು.

"ನಿಮಗ ಗೊತ್ತಿತ್ತು," ಎಂದಳು. "ಬ್ಯಾಡ ಅಂತ ಒಂದು ಮಾತು ಅನ್ನಬೇಕಾಗಿತ್ತು."

ಮಾವ ಸುತ್ತ ನೋಡಿ, ಹಬ್ಬದ ದಿವಸ ಹೆತ್ತವ್ವಗ ಬ್ಯಾಡ ಅಂತ ಹ್ಯಾಂಗ ಅನ್ನಲಿ ಎಂದ.

"ನನಗ ಇಷ್ಟು ವರ್ಷ ಹ್ಯಾಂಗ ಅಂದೀರಿ, ಹಂಗ," ಎಂದಳು ಅಕ್ಕ.

ಆಮೇಲೆ ಬನ್ನಿಯ ತಟ್ಟೆ ಎತ್ತಿಕೊಂಡು, ಅವನ ಚಾಚಿದ ಕೈಯ ಪಕ್ಕದಿಂದಲೇ ಹಾದು, ಓಣಿಯ ಉಳಿದ ಮನೆಗಳಿಗೆ ಕೊಡಲು ಹೊರಟಳು. ನಾನು ಅವಳ ಹಿಂದೆ ಹೋದೆ.